ಅಮೆರಿಕದ ಪ್ರವೇಶಪತ್ರ, ನಮ್ಮ ತೋಟದ ಪತ್ರ

ಇಂಜಿನಿಯರಿಂಗ್ ಮುಗಿಸಿದ ಮಕ್ಕಳು ಎಂ.ಎಸ್. ಓದಲು ಅಮೆರಿಕಕ್ಕೆ ಅರ್ಜಿ ಹಾಕುವುದು ನಮ್ಮ ಬೆಳೆಗಾರರ ಮನೆಗಳಲ್ಲಿಯೂ ಈಗ ಅಪರೂಪವಲ್ಲ. 2023-24ನೇ ಸಾಲಿನಲ್ಲಿ ಆ ದೇಶದಲ್ಲಿದ್ದ ಭಾರತೀಯ ವಿದ್ಯಾರ್ಥಿಗಳು 3,31,602 ಮಂದಿ. ಆ ವರ್ಷ ಭಾರತವು ಚೀನಾವನ್ನು ಹಿಂದಿಕ್ಕಿತು. ಅರ್ಜಿ ಬರೆಯುವವರು ಮಕ್ಕಳು. ಸಾಲದ ಕಾಗದಕ್ಕೆ ಸಹಿ ಹಾಕುವವರು ನಾವು. ಆದುದರಿಂದ ಈ ವ್ಯವಹಾರದ ಒಳಹೊರಗು ನಮಗೂ ತಿಳಿದಿರಬೇಕು.

ಅಲ್ಲಿನ ಹಲವು ಹೆಸರಾಂತ ಇಂಜಿನಿಯರಿಂಗ್ ವಿದ್ಯಾಲಯಗಳು ಮೂಲತಃ ರೈತರನ್ನೂ ಕುಶಲಕರ್ಮಿಗಳನ್ನೂ ಮನಸ್ಸಿನಲ್ಲಿಟ್ಟುಕೊಂಡು ಹುಟ್ಟಿದವು. 1862ರಲ್ಲಿ ಅಧ್ಯಕ್ಷ ಲಿಂಕನ್ ಸಹಿ ಹಾಕಿದ ಮೊರಿಲ್ ಕಾಯ್ದೆಯು, ಪ್ರತಿ ರಾಜ್ಯಕ್ಕೂ ಅದರ ಒಬ್ಬೊಬ್ಬ ಸೆನೆಟರ್ ಮತ್ತು ಪ್ರತಿನಿಧಿಗೆ 30,000 ಎಕರೆಯ ಲೆಕ್ಕದಲ್ಲಿ ಭೂಮಿ ಕೊಟ್ಟು, ಅದರ ಹಣದಿಂದ ಬೇಸಾಯ ಮತ್ತು ಯಂತ್ರವಿದ್ಯೆ ಕಲಿಸುವ ಕಾಲೇಜುಗಳನ್ನು ನಡೆಸುವಂತೆ ಮಾಡಿತು. ಪರ್ಡ್ಯೂ, ಇಲಿನಾಯ್, ಟೆಕ್ಸಾಸ್ ಎ ಅಂಡ್ ಎಂ ಈ ಬಗೆಯವು. ಆದರೆ ಅಲ್ಲಿನ ಕಡಿಮೆ ಶುಲ್ಕ ಆಯಾ ರಾಜ್ಯದ ನಿವಾಸಿಗಳಿಗೆ ಮಾತ್ರ. ಹೊರಗಿನಿಂದ ಹೋದ ನಮ್ಮ ಮಕ್ಕಳಿಗೆ ದರ ಬೇರೆ.

ಎಲ್ಲ ಪ್ರವೇಶಪತ್ರಗಳೂ ಒಂದೇ ತೂಕದವಲ್ಲ. ಇಂಜಿನಿಯರಿಂಗ್ ಪಿಎಚ್.ಡಿ.ಗೆ ಆಯ್ಕೆಯಾದವರಿಗೆ ಸಾಮಾನ್ಯವಾಗಿ ಬೋಧನೆ ಅಥವಾ ಸಂಶೋಧನೆಯ ಸಹಾಯಕ ಹುದ್ದೆ ಸಿಕ್ಕಿ, ಶುಲ್ಕ ಮನ್ನಾ ಆಗಿ, ತಿಂಗಳ ಭತ್ಯೆಯೂ ಬರುತ್ತದೆ. ಎಂ.ಎಸ್. ಸೇರುವ ಬಹುಪಾಲು ಮಂದಿ ಕೈಯಿಂದಲೇ ಕಟ್ಟಬೇಕು. ಓದಿನ ಅವಧಿಯಲ್ಲಿ ವಿದ್ಯಾಲಯದ ಆವರಣದೊಳಗೆ ವಾರಕ್ಕೆ 20 ಗಂಟೆ ದುಡಿಯಲು ಅವಕಾಶವುಂಟು. ಆ ಸಂಪಾದನೆ ಊಟದ ಖರ್ಚಿಗೆ ಒದಗೀತು, ಶುಲ್ಕಕ್ಕಲ್ಲ.

ಆಗಸ್ಟಿನಲ್ಲಿ ಆರಂಭವಾಗುವ ತರಗತಿಗೆ ಹೆಚ್ಚಿನ ಕಡೆ ಡಿಸೆಂಬರ್-ಜನವರಿಯೇ ಕಡೆಯ ದಿನ. ಇಲ್ಲಿ ಅರೇಬಿಕಾ ಕೊಯ್ಲಿನ ಗಡಿಬಿಡಿ. ಹಣದ ಮಾತು ಮುಂದಕ್ಕೆ ಬೀಳುತ್ತದೆ. ಆದರೆ ಪ್ರವೇಶ ದೊರೆತರೆ ಸಾಲದು. ಮೊದಲ ವರ್ಷದ ಪೂರ್ತಿ ಖರ್ಚಿಗೆ ಹಣವಿದೆಯೆಂದು ತೋರಿಸಿದ ಮೇಲೆಯೇ ಐ-20 ಎಂಬ ಪತ್ರ ಬರುವುದು. ಅದು ಬಂದ ಮೇಲೂ ವೀಸಾ ಅಧಿಕಾರಿಗೆ ನಿರಾಕರಿಸುವ ಅಧಿಕಾರವಿದೆ.

ಬ್ಯಾಂಕಿಗೆ ಹೋದಾಗ ಇನ್ನೊಂದು ತೊಡಕು. ಹಲವು ಬ್ಯಾಂಕುಗಳು ಶಿಕ್ಷಣ ಸಾಲಕ್ಕೆ ಕೃಷಿ ಜಮೀನನ್ನು ಆಧಾರವಾಗಿ ಒಪ್ಪದೆ ಪೇಟೆಯ ಮನೆ, ನಿವೇಶನ ಅಥವಾ ಠೇವಣಿ ಕೇಳುತ್ತವೆ. ಅಡಿಕೆಯ ಆದಾಯಕ್ಕೆ ತೆರಿಗೆ ಇಲ್ಲವೆಂದು ರಿಟರ್ನ್ ಸಲ್ಲಿಸದವರಿಗೆ ಆದಾಯದ ದಾಖಲೆಯೂ ಕಷ್ಟ. ಆಗ ಕೆಲವರು ಖಾಸಗಿ ಸಾಲಕ್ಕೆ, ಇಲ್ಲವೇ ತೋಟದ ಒಂದು ಭಾಗ ಮಾರಲು ಮುಂದಾಗುತ್ತಾರೆ. ಯೋಚಿಸಬೇಕಾದ ಜಾಗ ಇದೇ.

ಓದು ಮುಗಿದ ಮೇಲೆ ಈಗಿನ ನಿಯಮದಂತೆ ಇಂಜಿನಿಯರಿಂಗ್ ಪದವೀಧರರು 12 ತಿಂಗಳು, ವಿಸ್ತರಣೆ ಸಿಕ್ಕರೆ ಇನ್ನೂ 24 ತಿಂಗಳು ಅಲ್ಲಿ ಕೆಲಸ ಮಾಡಬಹುದು. ಅನಂತರ ಬೇಕಾಗುವ ಎಚ್-1ಬಿ ವೀಸಾಕ್ಕೆ ವರ್ಷದ ಮಿತಿ 85,000. ಕೇಳುವವರು ಅದಕ್ಕಿಂತ ಬಹಳ ಹೆಚ್ಚು. 2025ರ ಸೆಪ್ಟೆಂಬರಿನಲ್ಲಿ, ದೇಶದ ಹೊರಗಿರುವವರಿಗಾಗಿ ಸಲ್ಲಿಸುವ ಹೊಸ ಅರ್ಜಿಗೆ 1,00,000 ಡಾಲರ್ ಕಟ್ಟಬೇಕೆಂಬ ಘೋಷಣೆಯೂ ಹೊರಟಿತು. ನಿಯಮಗಳು ನಡುವೆ ಬದಲಾಗುತ್ತವೆ. ಸಾಲದ ಕಂತು ಬದಲಾಗದು.

ನಮ್ಮ ಬೆಲೆಯೂ ಹಾಗೆಯೇ. ನ್ಯೂಯಾರ್ಕ್ ಮಾರುಕಟ್ಟೆಯಲ್ಲಿ ಅರೇಬಿಕಾ 2025ರ ಫೆಬ್ರವರಿಯಲ್ಲಿ ಪೌಂಡಿಗೆ 4 ಡಾಲರ್ ದಾಟಿತು. 2001ರಲ್ಲಿ 50 ಸೆಂಟಿಗೂ ಕೆಳಗೆ ಇಳಿದಿತ್ತು. ಒಳ್ಳೆಯ ಬೆಲೆಯ ವರ್ಷದಲ್ಲಿ ಮಾಡಿದ ಸಾಲವನ್ನು ಕೆಟ್ಟ ಬೆಲೆಯ ವರ್ಷದಲ್ಲಿಯೂ ತೀರಿಸಬೇಕಾದೀತು.

ಮಕ್ಕಳನ್ನು ತಡೆಯಿರೆಂದು ಇದರ ಅರ್ಥವಲ್ಲ. ಅರ್ಜಿ ಹಾಕುವ ಮೊದಲೇ, ಮಳೆಗಾಲದ ಬಿಡುವಿನಲ್ಲಿ, ಮಗ ಅಥವಾ ಮಗಳೊಡನೆ ಕುಳಿತು ಎರಡು ಲೆಕ್ಕ ಬರೆಯಿರಿ: ಅಲ್ಲಿ ಕೆಲಸ ಸಿಕ್ಕರೆ ಒಂದು, ಊರಿಗೆ ಮರಳಿ ಇಲ್ಲಿನ ಸಂಬಳದಲ್ಲಿಯೇ ಸಾಲ ತೀರಿಸಬೇಕಾದರೆ ಇನ್ನೊಂದು. ಎರಡನೆಯ ಲೆಕ್ಕದಲ್ಲಿಯೂ ತೋಟ ಉಳಿಯುವುದಾದರೆ ಧೈರ್ಯವಾಗಿ ಕಳುಹಿಸಿ. ಉಳಿಯದಿದ್ದರೆ, ಭತ್ಯೆ ಸಿಗುವ ದಾರಿ ಹುಡುಕಲು, ಇಲ್ಲಿಯೇ ಎರಡು ವರ್ಷ ದುಡಿದು ಹಣ ಕೂಡಿಸಲು ಹೇಳಿ. ಅರ್ಜಿ ಮುಂದಿನ ವರ್ಷವೂ ಹಾಕಬಹುದು. ಮಾರಿದ ತೋಟ ಮರಳಿ ಬರುವುದಿಲ್ಲ.