ಚಿತ್ರಯಂತ್ರಕ್ಕೆ ಛಾಯಾಗ್ರಾಹಕನ ಪರಿಭಾಷೆ

“ಕೆರೆಯ ದಂಡೆಯಲ್ಲಿ ಕೊಂಬೆಯ ಮೇಲೆ ಕುಳಿತ ಮಿಂಚುಳ್ಳಿ” ಎಂದಷ್ಟೇ ಬರೆದು ಕೃತಕ ಬುದ್ಧಿಮತ್ತೆಯ ಚಿತ್ರಯಂತ್ರಕ್ಕೆ ಕೊಟ್ಟರೆ ಹಕ್ಕಿಯೇನೋ ಮೂಡುತ್ತದೆ. ಆದರೆ ಅದು ಕ್ಯಾಲೆಂಡರಿನ ಹಕ್ಕಿಯಂತೆ ಸಪ್ಪೆಯಾಗಿರುತ್ತದೆ. ಬೆಳಕು ಯಾವ ಕಡೆಯಿಂದ ಬೀಳಬೇಕು, ನೋಡುವವನು ಎಷ್ಟು ದೂರದಲ್ಲಿದ್ದಾನೆ, ಹಿಂದಿನ ಜೊಂಡು ಸ್ಪಷ್ಟವಾಗಿರಬೇಕೋ ಮಸುಕಾಗಿರಬೇಕೋ, ಇದಾವುದನ್ನೂ ನಾವು ತಿಳಿಸಿಲ್ಲ. ಹೇಳದೆ ಬಿಟ್ಟುದನ್ನು ಯಂತ್ರವು ತನಗೆ ಹೆಚ್ಚು ರೂಢಿಯಾದ ರೀತಿಯಲ್ಲಿ ತುಂಬಿಕೊಳ್ಳುತ್ತದೆ. ಈ ಸಂಗತಿಗಳನ್ನೆಲ್ಲ ನಾಲ್ಕು ಮಾತುಗಳಲ್ಲಿ ಹೇಳಬಲ್ಲ ಪರಿಭಾಷೆಯೊಂದು ಛಾಯಾಗ್ರಾಹಕರಲ್ಲಿ ಬಹುಕಾಲದಿಂದ ಬೆಳೆದು ಬಂದಿದೆ.

ಅದು ಯಂತ್ರಕ್ಕೆ ತಿಳಿಯುವುದು ಹೇಗೆ? ಚಿತ್ರ ಮತ್ತು ಅದರೊಡನಿರುವ ಬರಹ, ಈ ಜೋಡಿಗಳೇ ಯಂತ್ರದ ಪಾಠಗಳು. 2021ರಲ್ಲಿ ಓಪನ್‌ಎಐ ಸಂಸ್ಥೆಯು ಪ್ರಕಟಿಸಿದ ಕ್ಲಿಪ್ ಎಂಬ ವ್ಯವಸ್ಥೆ ಇಂಥ 40 ಕೋಟಿ ಜೋಡಿಗಳಿಂದ ಕಲಿತಿತ್ತು. ಮರುವರ್ಷ ಹೊರಬಂದ ಲಯಾನ್-5ಬಿ ಸಂಗ್ರಹದಲ್ಲಿ ಸುಮಾರು 585 ಕೋಟಿ ಜೋಡಿಗಳಿದ್ದುವು. ಛಾಯಾಗ್ರಾಹಕರು ತಮ್ಮ ಚಿತ್ರಗಳ ಕೆಳಗೆ ಮಸೂರ, ಶಟರಿನ ವೇಗ, ಬೆಳಕಿನ ಬಗೆ ಮುಂತಾದುವನ್ನು ಬರೆಯುವುದುಂಟು. ಹೀಗಾಗಿ ಆ ಪದಗಳಿಗೂ ಚಿತ್ರದ ನೋಟಕ್ಕೂ ಇರುವ ನಂಟು ಯಂತ್ರಕ್ಕೆ ರೂಢಿಯಾಗಿದೆ. ಬರಿಯ ಚುಕ್ಕೆಗಳ ಗೊಂದಲದಿಂದ ಹೊರಟು, ಹಂತಹಂತವಾಗಿ ಗೊಂದಲವನ್ನು ಕಳೆಯುತ್ತ ಅದು ಚಿತ್ರವನ್ನು ಮೂಡಿಸುವಾಗ ನಮ್ಮ ಮಾತುಗಳು ದಾರಿ ತೋರುತ್ತವೆ. ಅಲ್ಲಿ ಮಸೂರವೂ ಇಲ್ಲ, ಬೆಳಕಿನ ಕಿರಣಗಳ ಗಣಿತವೂ ಇಲ್ಲ ಎಂಬುದನ್ನು ವಾಚಕರು ನೆನಪಿಡಬೇಕು.

ಮೊದಲು ಅಪರ್ಚರ್, ಎಂದರೆ ಮಸೂರದೊಳಕ್ಕೆ ಬೆಳಕನ್ನು ಬಿಡುವ ಕಂಡಿಯನ್ನು ನೋಡೋಣ. ಸಂಗಮದೂರವನ್ನು ಕಂಡಿಯ ವ್ಯಾಸದಿಂದ ಭಾಗಿಸಿದರೆ ಬರುವುದು ಎಫ್-ಸಂಖ್ಯೆ. 50 ಮಿ.ಮೀ. ಮಸೂರದಲ್ಲಿ ಎಫ್/2 ಎಂದರೆ ಕಂಡಿಯ ವ್ಯಾಸ 25 ಮಿ.ಮೀ.; ಎಫ್/16 ಎಂದರೆ ಸುಮಾರು 3 ಮಿ.ಮೀ. ಕಂಡಿ ದೊಡ್ಡದಾದಷ್ಟೂ ಸ್ಫುಟತೆಯ ಆಳ ಕಡಿಮೆಯಾಗಿ, ಹಕ್ಕಿ ಸ್ಪಷ್ಟವಾಗಿಯೂ ಹಿನ್ನೆಲೆ ಮಸುಕಾಗಿಯೂ ಕಾಣುತ್ತದೆ. ಈ ಮಸುಕಿಗೆ ಬೊಕೆ ಎಂಬ ಜಪಾನೀ ಹೆಸರು ಜಗತ್ತಿನಲ್ಲೆಲ್ಲ ನಿಂತುಹೋಗಿದೆ. ಕ್ಯಾಮೆರಾಕ್ಕೆ ಎಫ್/1.8 ಬೇರೆ, ಎಫ್/2 ಬೇರೆ. ಯಂತ್ರಕ್ಕೆ ಅವೆರಡರ ಅಂತರ ಬಹಳವಿಲ್ಲ. ಅಂಕೆಯೊಂದನ್ನೇ ನಂಬದೆ “ಷ್ಯಾಲೋ ಡೆಪ್ತ್ ಆಫ್ ಫೀಲ್ಡ್” ಎಂದು ಮಾತಿನಲ್ಲಿಯೂ ಹೇಳುವುದೇ ಲೇಸು. ಸ್ಟೇಬಲ್ ಡಿಫ್ಯೂಷನ್‌ನಂಥ ಯಂತ್ರಗಳ ಮೊದಲ ಆವೃತ್ತಿಗಳು ಮುಖ್ಯವಾಗಿ ಇಂಗ್ಲಿಷ್ ಬರಹಗಳಿಂದ ಕಲಿತವಾದ್ದರಿಂದ ಅವುಗಳೊಡನೆ ಈ ಇಂಗ್ಲಿಷ್ ಪರಿಭಾಷೆಯನ್ನೇ ಬಳಸಬೇಕಾಗುತ್ತದೆ.

ಸಂಗಮದೂರದಿಂದ ನೋಟದ ವಿಸ್ತಾರ ತಿಳಿಯುತ್ತದೆ. 36×24 ಮಿ.ಮೀ. ಚೌಕಟ್ಟಿನಲ್ಲಿ 24 ಮಿ.ಮೀ. ಮಸೂರವು ಕರ್ಣದುದ್ದಕ್ಕೆ ಸುಮಾರು 84 ಅಂಶಗಳಷ್ಟನ್ನು ಕಾಣುತ್ತದೆ, 200 ಮಿ.ಮೀ. ಮಸೂರ ಕೇವಲ 12ರಷ್ಟನ್ನು. ಹಕ್ಕಿ ಬೆದರದಂತೆ ದೂರ ನಿಲ್ಲಬೇಕಾದ ಛಾಯಾಗ್ರಾಹಕರು 400ರಿಂದ 600 ಮಿ.ಮೀ. ಮಸೂರಗಳನ್ನು ಹಿಡಿಯುತ್ತಾರೆ. ಯಂತ್ರದ ಹಕ್ಕಿ ಎಲ್ಲಿಗೂ ಹಾರಿಹೋಗದು, ನಿಜ, ಆದರೂ “600 ಮಿ.ಮೀ. ಟೆಲಿಫೋಟೋ” ಎಂದು ಸೇರಿಸಿದರೆ ಚಿತ್ರಕ್ಕೆ ಕಾಡಿನ ಕಳೆ ಬರುತ್ತದೆ, ಏಕೆಂದರೆ ಯಂತ್ರ ಕಂಡ ಒಳ್ಳೆಯ ಪಕ್ಷಿಚಿತ್ರಗಳು ಬಹುಪಾಲು ಹಾಗೆಯೇ ತೆಗೆದವು.

ಶಟರಿನ ಮಾತೂ ಇಂಥದೇ. ಸೆಕೆಂಡಿನ 2000ನೆಯ ಒಂದು ಭಾಗವೆಂದರೆ ನೀರಿನ ಹನಿಗಳು ಗಾಳಿಯಲ್ಲಿ ನಿಂತುಬಿಡುತ್ತವೆ; ಒಂದು ಸೆಕೆಂಡೆಂದರೆ ಜಲಪಾತ ಹಾಲಿನ ಹರಿವಾಗುತ್ತದೆ. ಬೆಳಕಿನ ಪದಗಳು ಎಲ್ಲಕ್ಕಿಂತ ಹೆಚ್ಚು ಫಲ ಕೊಡುತ್ತವೆಂದು ನನ್ನ ಅಭಿಪ್ರಾಯ. “ಗೋಲ್ಡನ್ ಅವರ್” ಎಂದರೆ ಸೂರ್ಯೋದಯದ ಅನಂತರದ, ಸೂರ್ಯಾಸ್ತದ ಮುಂಚಿನ ಹೊಂಬೆಳಕು. “ಬ್ಯಾಕ್‌ಲೈಟ್” ಎಂದರೆ ಗರಿಗಳ ಅಂಚು ಹೊಳೆಯುವುದು. ಮನುಷ್ಯರ ಮುಖಕ್ಕೆ “ರೆಂಬ್ರಾಂಟ್ ಲೈಟಿಂಗ್” ಎಂದರೆ ನೆರಳು ಬಿದ್ದ ಕೆನ್ನೆಯ ಮೇಲೆ, ಕಣ್ಣಿನ ಕೆಳಗೆ, ಬೆಳಕಿನ ಪುಟ್ಟ ತ್ರಿಕೋನ.

ಪದಗಳನ್ನು ರಾಶಿ ಹಾಕಿದರೆ ಮಾತ್ರ ಪ್ರಯೋಜನವಿಲ್ಲ. ಎಫ್/16 ಎಂದೂ ಮಸುಕು ಹಿನ್ನೆಲೆಯೆಂದೂ ಒಟ್ಟಿಗೆ ಕೇಳಿದರೆ ಯಂತ್ರ ಯಾವುದನ್ನು ಒಪ್ಪುವುದೋ ಹೇಳಲಾಗದು. ಕ್ಯಾಮೆರಾದ ಹೆಸರನ್ನು ಬರೆದವರಿಗೆ ಒಮ್ಮೊಮ್ಮೆ ಚಿತ್ರದೊಳಗೆ ಕ್ಯಾಮೆರಾವೇ ಬಂದು ಕುಳಿತದ್ದುಂಟು!

ಈ ಪರಿಭಾಷೆಯಿಂದ ಚಿತ್ರ ನೈಜವಾಗಿ ಕಾಣತೊಡಗಿದಷ್ಟೂ ಅದನ್ನು ನಿಜವೆಂದು ನಂಬುವ ಅಪಾಯವೂ ಹೆಚ್ಚು. 2023ರಲ್ಲಿ ಜರ್ಮನಿಯ ಬೋರಿಸ್ ಎಲ್ಡಾಗ್ಸೆನ್ ಎಂಬ ಕಲಾವಿದರು ಸೋನಿ ಅಂತರರಾಷ್ಟ್ರೀಯ ಛಾಯಾಚಿತ್ರ ಸ್ಪರ್ಧೆಯ ಒಂದು ವಿಭಾಗದಲ್ಲಿ ಗೆದ್ದು, ತಮ್ಮ ಚಿತ್ರ ಯಂತ್ರನಿರ್ಮಿತವೆಂದು ತಿಳಿಸಿ ಬಹುಮಾನವನ್ನು ನಿರಾಕರಿಸಿದರು. ವಿಜ್ಞಾನ ಪ್ರದರ್ಶನಕ್ಕೆ ಇಂಥ ಚಿತ್ರವನ್ನು ಬಳಸುವ ವಿದ್ಯಾರ್ಥಿಯು ಯಂತ್ರದ ಹೆಸರನ್ನೂ ತಾನಿತ್ತ ಸೂಚನೆಯನ್ನೂ ಅದರ ಕೆಳಗೆ ಬರೆಯಬೇಕು; ಹಕ್ಕಿಯನ್ನು ಪಕ್ಷಿಶಾಸ್ತ್ರದ ಪುಸ್ತಕದೊಡನೆ ಹೋಲಿಸಿಯೂ ನೋಡಬೇಕು. ನಮ್ಮ ಕೆರೆಗಳ ಸಣ್ಣ ಮಿಂಚುಳ್ಳಿಯಲ್ಲಿ ಗಂಡಿನ ಕೊಕ್ಕು ಕಪ್ಪು, ಹೆಣ್ಣಿನ ಕೆಳಕೊಕ್ಕು ಕೆಂಪು. 600 ಮಿ.ಮೀ. ಎಂದು ಬರೆದ ಮಾತ್ರಕ್ಕೆ ಯಂತ್ರ ಇದನ್ನು ಸರಿಯಾಗಿ ಬಿಡಿಸೀತೆಂಬ ಭರವಸೆಯಿಲ್ಲ.