ಬೆನ್ನು ನೆಟ್ಟಗಾಗಲು ಹದಿನಾಲ್ಕು ವರ್ಷ!

ಮೇ ತಿಂಗಳ ಕೊನೆಯಲ್ಲಿ ಗೋಣಿಕೊಪ್ಪಲಿನ ಪೇಟೆಯಲ್ಲಿ ಒಮ್ಮೆಯಾದರೂ ನಿಂತು ನೋಡಿದವರಿಗೆ ವೇಷ ಎಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಕುಂಡೆ ಹಬ್ಬಕ್ಕೆ ದೇವರಪುರದತ್ತ ಹೊರಟ ಗಿರಿಜನರಲ್ಲಿ ಗಂಡಸರು ಹೆಣ್ಣುಡುಗೆ ತೊಟ್ಟಿರುತ್ತಾರೆ. ಮುಖಕ್ಕೆ ಬಣ್ಣ, ಕೈಯಲ್ಲಿ ಬಡಿಯಲು ಡಬ್ಬವೋ ಸೋರೆಬುರುಡೆಯೋ, ಬಾಯಲ್ಲಿ ಬೈಗುಳ. ಕಾಸು ಕೇಳುತ್ತಾರೆ, ಕೊಡದವರನ್ನೂ ಬೈಯುತ್ತಾರೆ, ಕೊಟ್ಟವರನ್ನೂ ಬೈಯುತ್ತಾರೆ. ಆ ಒಂದು ದಿನ ಎಲ್ಲರೂ ನಗುತ್ತ ಬೈಸಿಕೊಳ್ಳುತ್ತಾರೆ. ಬೈದದ್ದು ಆ ಮನುಷ್ಯನಲ್ಲ, ಆತ ತೊಟ್ಟ ವೇಷ ಎಂಬುದು ನೋಡುವವರಿಗೂ ಗೊತ್ತು.

ಇಷ್ಟು ಗೊತ್ತಿರುವ ನಮಗೆ, ಮನೆಯ ಕಂಪ್ಯೂಟರಿನ ಮುಂದೆ ಕುಳಿತ ಮಗನೋ ಮಗಳೋ ಅರ್ಧ ಗಂಟೆ ಓಡದೆ, ಹೋರಾಡದೆ, ತನ್ನ ಪಾತ್ರದ ಹುಬ್ಬನ್ನೇ ತಿದ್ದುತ್ತಿದ್ದರೆ ಮಾತ್ರ ಏನೂ ಅರ್ಥವಾಗುವುದಿಲ್ಲ! 'ಆಟ ಆಡುವುದೇ ದಂಡ, ಅದರಲ್ಲಿ ಕ್ಷೌರ ಬೇರೆ' ಎಂದು ಗೊಣಗುತ್ತೇವೆ. ಆದರೆ ಪ್ರಪಂಚದಾದ್ಯಂತ ಲಕ್ಷಾಂತರ ಆಟಗಾರರು ವರ್ಷಗಟ್ಟಲೆ ಕಾಯುವುದು ಹೊಸ ರಾಕ್ಷಸನಿಗೋ ಹೊಸ ಕತ್ತಿಗೋ ಅಲ್ಲ, ತಮ್ಮ ಪಾತ್ರಕ್ಕೆ ಒಂದು ಹೊಸ ಮುಖಕ್ಕೆ.

'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಎಂಬ ಆಟವನ್ನೇ ತೆಗೆದುಕೊಳ್ಳಿ. ಅಮೆರಿಕದ ಬ್ಲಿಝರ್ಡ್ ಕಂಪನಿ ಇದನ್ನು ಆರಂಭಿಸಿದ್ದು 2004ರ ನವೆಂಬರಿನಲ್ಲಿ. ಅಂದರೆ ಇಂದಿನ ಪಿಯುಸಿ ವಿದ್ಯಾರ್ಥಿಗಳಿಗಿಂತ ವಯಸ್ಸಿನಲ್ಲಿ ಹಿರಿದು. ಅಂತರ್ಜಾಲದ ಮೂಲಕ ಸಾವಿರಾರು ಮಂದಿ ಒಂದೇ ಮಾಯಾಲೋಕದಲ್ಲಿ ಓಡಾಡುವ ಈ ಆಟದಲ್ಲಿ ಮನುಷ್ಯರು, ಕುಳ್ಳರು, ಬದುಕಿ ಬಂದ ಹೆಣಗಳು, ಹಸಿರು ಮೈಯ 'ಓರ್ಕ್'ಗಳು ಎಂದೆಲ್ಲ ಕುಲಗಳಿವೆ. ಒಂದನ್ನು ಆರಿಸಿಕೊಂಡು, ಹೆಸರಿಟ್ಟು, ಮುಖ, ಕೂದಲು, ಮೈಬಣ್ಣ ನಿರ್ಧರಿಸಿ ಒಳಹೊಕ್ಕರೆ ಆಮೇಲೆ ಆ ಪಾತ್ರವೇ ನೀವು.

ಆರಂಭದಲ್ಲಿ ಒಮ್ಮೆ ಆರಿಸಿದ ಕೂದಲು ಆರಿಸಿದ್ದೇ. ಬದಲಿಸಲು ದಾರಿಯಿರಲಿಲ್ಲ. ಆಟದೊಳಗೆ ಕ್ಷೌರದಂಗಡಿ ತೆರೆದದ್ದು 2008ರಲ್ಲಿ, ಕೂಲಿ ಆಟದೊಳಗಿನ ಚಿನ್ನದ ನಾಣ್ಯದಲ್ಲೇ. 2014ರಲ್ಲಿ ಹಳೆಯ ಕುಲಗಳ ಮೈಮುಖಗಳನ್ನು ಹೊಸದಾಗಿ ಕಡೆದರು. ಗಂಡು ಓರ್ಕ್‌ಗಳ ಕಥೆ ಇನ್ನೂ ಸ್ವಾರಸ್ಯ. ಅವರೆಲ್ಲ ಮೊದಲಿನಿಂದಲೂ ಗೂನು ಬೆನ್ನಿನವರು. ಕಥೆಯ ವೀರನಾಯಕರೇ ನೆಟ್ಟಗೆ ನಿಲ್ಲುವಾಗ ನಾವೇಕೆ ಬಾಗಬೇಕು ಎಂದು ಆಟಗಾರರು ಕೇಳುತ್ತಲೇ ಇದ್ದರು. ಬೆನ್ನು ನೆಟ್ಟಗೆ ಮಾಡಿಕೊಳ್ಳುವ ಅವಕಾಶ ಸಿಕ್ಕಿದ್ದು 2018ರಲ್ಲಿ. ಹದಿನಾಲ್ಕು ವರ್ಷ!

ಎಲ್ಲಕ್ಕಿಂತ ಮುಖ್ಯವಾದ ಬದಲಾವಣೆ ಬಂದದ್ದು 2020ರ ಅಕ್ಟೋಬರಿನಲ್ಲಿ. ಹೆಣದ ಕುಲದವರಿಗೆ ಮೊಣಕೈಯಲ್ಲಿ ಚಾಚಿಕೊಂಡ ಮೂಳೆಯನ್ನು ಮುಚ್ಚಿಕೊಳ್ಳುವ ಸೌಲಭ್ಯ ಸಿಕ್ಕಿತು. ಅದು ತಮಾಷೆಯ ಮಾತಾಯಿತು. ತಮಾಷೆಯಲ್ಲದ್ದು ಮನುಷ್ಯರ ಪಟ್ಟಿ. ಅಲ್ಲಿಯವರೆಗೆ ಮನುಷ್ಯ ಎಂದರೆ ಬಹುಮಟ್ಟಿಗೆ ಯುರೋಪಿನ ಮುಖಲಕ್ಷಣದವರೇ. ಮೈಬಣ್ಣ ಸ್ವಲ್ಪ ಗಾಢ ಮಾಡಬಹುದಿತ್ತು, ಆದರೆ ಮೂಗು, ತುಟಿ, ಕೂದಲು ಆ ಬಣ್ಣಕ್ಕೆ ಹೊಂದುತ್ತಿರಲಿಲ್ಲ. 2020ರಲ್ಲಿ ಹೆಚ್ಚು ಮೈಬಣ್ಣಗಳು, ಆಫ್ರಿಕ, ಏಷ್ಯ ಮೂಲದ ಮುಖಗಳು, ಗುಂಗುರು ಕೂದಲು ಬಂದವು. ಡ್ರ್ಯಾಗನ್ನು ಹಾರುವ, ಹೆಣ ಎದ್ದು ನಡೆಯುವ ಲೋಕದಲ್ಲಿ ಕಂದು ಮೈಯ ಮನುಷ್ಯನಿಗೆ ತನ್ನದೆನ್ನುವ ಮುಖ ಸಿಗಲು ಹದಿನಾರು ವರ್ಷ ಬೇಕಾಯಿತು ಎಂದರೆ, ಕಲ್ಪನೆಗೂ ಎಂಥ ಬೇಲಿಯಿರುತ್ತದೆ ನೋಡಿ.

ತಡ ಏಕೆ?

ಕಂಪ್ಯೂಟರಿನಲ್ಲಿ ಬಣ್ಣ ಬದಲಿಸಲು ಎಷ್ಟು ಹೊತ್ತು ಎಂದು ಕೇಳಬಹುದು. ಬಣ್ಣ ಬದಲಿಸುವುದು ನಿಜಕ್ಕೂ ಸುಲಭ. ಆಕಾರ ಬದಲಿಸುವುದು ಕಷ್ಟ. ಪರದೆಯ ಮೇಲಿನ ಪಾತ್ರಕ್ಕೆ ಒಳಗೆ ಒಂದು ಎಲುಬುಗೂಡು, ಅದರ ಮೇಲೆ ಸಣ್ಣ ಸಣ್ಣ ತ್ರಿಕೋನಗಳನ್ನು ಹೊಲಿದಂಥ ಬಲೆ, ಬಲೆಯ ಮೇಲೆ ಹಚ್ಚಿದ ಬಣ್ಣದ ಹಾಳೆ ಇರುತ್ತವೆ. ಎಲುಬು ಅಲುಗಿದರೆ ಬಲೆ ಎಳೆಯುತ್ತದೆ. ಓಡು, ಈಜು, ಕುಣಿ, ಕುದುರೆಯೇರು ಎಂಬ ಪ್ರತಿ ಚಲನೆಯನ್ನೂ ಆ ಎಲುಬಿಗೆ ತಕ್ಕಂತೆ ಕೂರಿಸಿರುತ್ತಾರೆ. ಬೆನ್ನನ್ನು ಗೇಣು ಎತ್ತಿದರೂ ಅದರೊಂದಿಗೆ ಭುಜದ ಕವಚ, ಬೆನ್ನಿನ ಕತ್ತಿ, ಹೊದೆದ ಮೇಲಂಗಿ ಎಲ್ಲ ಜಾಗ ತಪ್ಪುತ್ತವೆ. ಆಟಕ್ಕೆ ವಯಸ್ಸಾದಷ್ಟೂ ಪೆಟ್ಟಿಗೆಯಲ್ಲಿ ಬಟ್ಟೆ ಹೆಚ್ಚು. ಬಟ್ಟೆ ಹೆಚ್ಚಿದಷ್ಟೂ ದರ್ಜಿಗೆ ಕೆಲಸ ಹೆಚ್ಚು.

ಜಪಾನಿನ 'ಫೈನಲ್ ಫ್ಯಾಂಟಸಿ 14' ಆಟದಲ್ಲಿ ಇದಕ್ಕೆ ಒಳ್ಳೆಯ ಉದಾಹರಣೆಯಿದೆ. ಅಲ್ಲಿ 2019ರಲ್ಲಿ 'ವಿಯೆರಾ' ಎಂಬ ಮೊಲದ ಕಿವಿಯ ಕುಲ ಬಂತು. ಬಂದದ್ದು ಹೆಂಗಸರು ಮಾತ್ರ. ಅವರ ಗಂಡಸರು ಬಂದದ್ದು 2021ರಲ್ಲಿ. ಉದ್ದನೆಯ ಕಿವಿ ಚೆಂದವೇನೋ ಸರಿ, ಟೋಪಿ ಎಲ್ಲಿ ಕೂರಬೇಕು? ಅದುವರೆಗೆ ಮಾಡಿಟ್ಟ ಟೋಪಿ, ಶಿರಸ್ತ್ರಾಣಗಳಲ್ಲಿ ಬಹುಪಾಲು ಈ ಕುಲದವರ ತಲೆಯ ಮೇಲೆ ಕಾಣಿಸದಂತೆ ಬಿಡಬೇಕಾಯಿತು. ಆಟಗಾರರ ಬೇಡಿಕೆಗಳಲ್ಲಿ 'ನಮಗೂ ಟೋಪಿ ಕೊಡಿ' ಎಂಬುದು ವರ್ಷಗಟ್ಟಲೆ ಉಳಿಯಿತು.

ಅದೇ ಆಟ 2024ರಲ್ಲಿ ಎಲ್ಲ ಪಾತ್ರಗಳ ಚಿತ್ರವನ್ನೂ ಸೂಕ್ಷ್ಮಗೊಳಿಸಲು ಹೊರಟಿತು. ಏಪ್ರಿಲಿನಲ್ಲಿ ಮಾದರಿ ನೋಡಿದ ಆಟಗಾರರು ಸಂತೋಷಪಡುವ ಬದಲು ಕಂಗಾಲಾದರು. ಕಣ್ಣಿನ ಹೊಳಪು ಹೋಗಿದೆ, ಇದು ನನ್ನ ಮುಖವಲ್ಲ ಎಂಬ ದೂರು. ಆಟದ ನಿರ್ದೇಶಕ ನವೊಕಿ ಯೊಶಿದಾ ವಿವರಣೆ ಕೊಡಬೇಕಾಯಿತು. ಮೇ ತಿಂಗಳಲ್ಲಿ ತಿದ್ದಿದ ಮಾದರಿ ಹೊರಬಂತು. ಜೂನ್ ಕೊನೆಯಲ್ಲಿ ನಿಜವಾದ ಬದಲಾವಣೆ ಜಾರಿಯಾದಾಗ, ರೂಪ ಬದಲಿಸಿಕೊಳ್ಳುವ ಮದ್ದಿನ ಒಂದು ಶೀಷೆಯನ್ನು ಎಲ್ಲರಿಗೂ ಉಚಿತವಾಗಿ ಕೊಟ್ಟರು. ಹತ್ತು ವರ್ಷ ಧರಿಸಿದ ಮುಖ ಒಂದು ಬೆಳಿಗ್ಗೆ ಬೇರೆಯಾಗಿದ್ದರೆ ಯಾರಿಗಾದರೂ ತಳಮಳವೇ. ಚೆಂದವಾಗಿದ್ದರೂ ಅಷ್ಟೇ. ಹಳೆಯ ಮುಖಗಳೇ ಬೇಕೆನ್ನುವವರೂ ಕಡಿಮೆಯಿಲ್ಲ. ವಾರ್‌ಕ್ರಾಫ್ಟಿನ ಹಳೆಯ ರೂಪವನ್ನು 'ಕ್ಲಾಸಿಕ್' ಎಂಬ ಹೆಸರಿನಲ್ಲಿ 2019ರಲ್ಲಿ ಮತ್ತೆ ಬಿಟ್ಟಾಗ ಜನ ಸರದಿಯಲ್ಲಿ ಗಂಟೆಗಟ್ಟಲೆ ಕಾದು ಒಳಹೋದರು.

ತಂದೆತಾಯಿಗಳಿಗೆ ಇಲ್ಲಿ ಒಂದು ವಿಷಯ ತಿಳಿದಿರಬೇಕು. ಕ್ಷೌರದಂಗಡಿಯ ಕೂಲಿ ಆಟದ ನಾಣ್ಯದಲ್ಲಾದರೂ, ಕುಲವನ್ನೇ ಬದಲಿಸಬೇಕೆಂದರೆ ವಾರ್‌ಕ್ರಾಫ್ಟಿನಲ್ಲಿ 25 ಡಾಲರ್ ನಿಜವಾದ ಹಣ ಬೇಕು. ಫೈನಲ್ ಫ್ಯಾಂಟಸಿಯ ಆ ಮದ್ದನ್ನೂ ಡಾಲರಿನಲ್ಲಿ ಮಾರುತ್ತಾರೆ. ಹಣ ಕಟ್ಟಿ ಹಣ ಗೆಲ್ಲುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು ನಮ್ಮ ಸಂಸತ್ತು 2025ರ ಆಗಸ್ಟಿನಲ್ಲಿ ಅಂಗೀಕರಿಸಿತು. ಆದರೆ ಇದು ಜೂಜಲ್ಲ, ಬಟ್ಟೆ ಅಂಗಡಿ. ಹಬ್ಬಕ್ಕೆ ಎಷ್ಟು ಬಟ್ಟೆ ಎಂದು ಮನೆಯಲ್ಲಿ ಮಾತಾಡುವಂತೆ ಇದನ್ನೂ ಮೊದಲೇ ಮಾತಾಡಿಕೊಳ್ಳುವುದು ಒಳ್ಳೆಯದು. 'ಎಷ್ಟು ಹೊತ್ತು ಆಡಿದೆ' ಎಂದಷ್ಟೇ ಕೇಳುವ ಬದಲು 'ನಿನ್ನ ಪಾತ್ರ ಹೇಗಿದೆ, ತೋರಿಸು' ಎಂದು ಪಕ್ಕದಲ್ಲಿ ಕುಳಿತರೆ ಆ ಮಾತು ಸಲೀಸಾಗಿ ಶುರುವಾಗುತ್ತದೆ. ಕಕ್ಕಡದ ಮಳೆಯಲ್ಲಿ ಕರೆಂಟು ಹೋಗಿ ಅಪ್‌ಡೇಟ್ ಅರ್ಧಕ್ಕೆ ನಿಂತ ಸಂಜೆಯಂತೂ ಇದಕ್ಕೆ ಹೇಳಿ ಮಾಡಿಸಿದ್ದು!

ಕುಪ್ಯ ತೊಟ್ಟ ವೀರ

ಈಗ ನಮ್ಮೂರಿನ ಮಾತಿಗೆ ಬರೋಣ. ಮಡಿಕೇರಿಯಲ್ಲೋ ವಿರಾಜಪೇಟೆಯಲ್ಲೋ ಆಡುವ ಹುಡುಗನಿಗೆ ತನ್ನ ವೀರ ಕುಪ್ಯ ತೊಡಬೇಕೆಂಬ ಆಸೆ ಹುಟ್ಟಿತೆನ್ನಿ. ಕತ್ತಿ, ಬಿಲ್ಲು, ಕಾಡು, ಬೆಟ್ಟ ಇವುಗಳ ಲೋಕಕ್ಕೆ ಇದಕ್ಕಿಂತ ಒಪ್ಪುವ ಉಡುಪು ಯಾವುದು? ಕೊಡವರೂ ಅರೆಭಾಷೆ ಗೌಡರೂ ತೊಡುವ ಮೊಣಕಾಲುದ್ದದ ಕಪ್ಪು ನಿಲುವಂಗಿ, ಸೊಂಟಕ್ಕೆ ಬಿಗಿದ ಕೆಂಪು ರೇಷ್ಮೆಯ ಚೇಲೆ, ಅದಕ್ಕೆ ಮುಂದೆ ಸಿಕ್ಕಿಸಿದ ಪೀಚೆಕತ್ತಿ, ತಲೆಗೆ ಮಂಡೆತುಣಿ. ಹುಡುಗಿಗೆ ನೆರಿಗೆ ಹಿಂದಕ್ಕೆ ಸಿಕ್ಕಿಸಿ, ಸೆರಗು ಬಲಭುಜಕ್ಕೆ ತಂದ ಸೀರೆ ಬೇಕು.

ಭಾರತದ ಉಡುಗೆಯಲ್ಲಿ ಒಂದು ಆಟ ಮಾಡುವುದು ಅಸಾಧ್ಯವೇನಲ್ಲ. ಪುಣೆಯ ನಾಡಿಂಗ್ ಹೆಡ್ಸ್ ಎಂಬ ಚಿಕ್ಕ ಸಂಸ್ಥೆ 2020ರಲ್ಲಿ ಬಿಟ್ಟ 'ರಾಜಿ' ಎಂಬ ಆಟದಲ್ಲಿ ಅಸುರರೊಡನೆ ಹೋರಾಡುವ ಭಾರತದ ಹುಡುಗಿಯೇ ನಾಯಕಿ. ಅದು ಒಬ್ಬರೇ ಆಡುವ ಆಟ, ಒಬ್ಬಳೇ ನಾಯಕಿ. ಎಲ್ಲ ಕುಲಗಳ ಎಲ್ಲ ಮೈಗಳಿಗೂ ಹೊಂದಬೇಕಾದ ಆನ್‌ಲೈನ್ ಆಟದಲ್ಲಿ ಕುಪ್ಯ ಬೇಕೆಂದರೆ, 'ಇಂಡಿಯನ್ ಡ್ರೆಸ್ ಕೊಡಿ' ಎಂದು ಕೇಳಿದರೆ ಸಾಲದು. ಹಾಗೆ ಕೇಳಿದರೆ ಮದುವೆ ಛತ್ರದ ಶೇರ್‌ವಾನಿ ಬಂದೀತು!

ಕೇಳುವವರಿಗೇ ಮೊದಲು ತಿಳಿದಿರಬೇಕಾದ ಸಂಗತಿಗಳಿವೆ. ಆಟಗಳಲ್ಲಿ ಬಣ್ಣ ಬದಲಿಸುವ ಸೌಲಭ್ಯ ಸಾಮಾನ್ಯ. ಆದರೆ ಕುಪ್ಯದ ಕಪ್ಪನ್ನು ಬಿಳಿ ಮಾಡಿದರೆ ಅರ್ಥವೇ ಬೇರೆ. ಬಿಳಿ ಕುಪ್ಯ ಮದುವಣಿಗನದು. ಸತ್ತವರಿಗೆ ತೊಡಿಸುವುದೂ ಅದನ್ನೇ. ಯಾವ ಬಣ್ಣಕ್ಕೆ ಬೀಗ ಹಾಕಬೇಕು, ಯಾವುದನ್ನು ಬಿಡಬೇಕು ಎಂದು ದೂರದ ಕ್ಯಾಲಿಫೋರ್ನಿಯದ ಕಲಾವಿದನಿಗೆ ಹೇಗೆ ಗೊತ್ತಾಗಬೇಕು? ಅದನ್ನು ಹೇಳಬಲ್ಲವರು ಮನೆಯ ಹಿರಿಯರು. ಅವರನ್ನು ಕೇಳಿ, ನಾಲ್ಕು ಕಡೆಯಿಂದ ಫೋಟೊ ತೆಗೆದು, ತೋಳು ಎಲ್ಲಿಗೆ ನಿಲ್ಲುತ್ತದೆ, ಚೇಲೆ ಎಷ್ಟು ಸುತ್ತು ಎಂದು ಬರೆದು ಕಳಿಸಿದ ಬೇಡಿಕೆಗೆ ತೂಕ ಬೇರೆ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗುವ ವಿದ್ಯಾರ್ಥಿಗಳಿಗೆ 'ಬ್ಲೆಂಡರ್' ಎಂಬ ತಂತ್ರಾಂಶವಿದೆ. ಪೂರಾ ಉಚಿತ. ಎಲುಬು, ಬಲೆ, ಬಣ್ಣದ ಹಾಳೆ ಮೂರನ್ನೂ ಅದರಲ್ಲಿ ಸ್ವತಃ ಮಾಡಿ ನೋಡಬಹುದು. ಬೇಸಗೆ ರಜೆಯಲ್ಲಿ ಒಂದು ಕುಪ್ಯ ಹೊಲಿಯಲು ಕುಳಿತರೆ ನಿಂತ ಭಂಗಿಯಲ್ಲಿ ಎಲ್ಲವೂ ಚೆನ್ನಾಗಿಯೇ ಇರುತ್ತದೆ. ವೀರನನ್ನು ಕುದುರೆಯ ಮೇಲೆ ಕೂರಿಸಿದ ಕೂಡಲೇ ಸೊಂಟ ಬಾಗಿ, ಪೀಚೆಕತ್ತಿಯ ತುದಿ ಚೇಲೆಯನ್ನೂ ಹಾದು ತೊಡೆಯೊಳಗೆ ಇಳಿದಿರುತ್ತದೆ. ಓಡಿಸಿದರೆ ಹಿಂದಿನ ನೆರಿಗೆ ಕಾಲಿನೊಳಗಿಂದ ಹೊರಬರುತ್ತದೆ. ಅದನ್ನು ಸರಿಪಡಿಸಲು ಎಷ್ಟು ದಿನ ಹಿಡಿಯಿತೆಂದು ಎಣಿಸಿದರೆ, ಓರ್ಕ್‌ಗಳ ಹದಿನಾಲ್ಕು ವರ್ಷದ ಲೆಕ್ಕವೂ ಸ್ವಲ್ಪ ಸ್ವಲ್ಪ ತಿಳಿಯತೊಡಗುತ್ತದೆ.