ಆಸರೆಯ ಗುರಿ ಸ್ವಾವಲಂಬನೆ

ಮನೆಯಲ್ಲಿ ಒಬ್ಬರು ವಿಕಲಚೇತನರಿದ್ದರೆ ಉಳಿದವರು ಪ್ರೀತಿಯಿಂದಲೇ ಅವರ ಕೆಲಸಗಳನ್ನೆಲ್ಲ ಮಾಡಿಕೊಡುತ್ತೇವೆ. ಉಣಿಸುತ್ತೇವೆ, ಬಟ್ಟೆ ತೊಡಿಸುತ್ತೇವೆ, ಯಾರಾದರೂ ಅವರನ್ನು ಮಾತನಾಡಿಸಿದರೆ ನಾವೇ ಉತ್ತರಿಸುತ್ತೇವೆ. ಇದೇ ರೂಢಿಯಾದಾಗ ಅವರು ಕಲಿಯಬಹುದಾಗಿದ್ದ ಕೆಲಸವೂ ಕೈತಪ್ಪುತ್ತದೆ. ಕಾಯಕವನ್ನು ಬದುಕಿನ ತತ್ತ್ವವೆಂದು ಒಪ್ಪಿದ ನಾವು ಇದನ್ನು ಗಂಭೀರವಾಗಿ ಆಲೋಚಿಸಬೇಕು. ತನ್ನ ಕೆಲಸವನ್ನು ತಾನೇ ಮಾಡಿಕೊಳ್ಳುವ ಶಕ್ತಿಯನ್ನು ವ್ಯಕ್ತಿಯಲ್ಲಿ ಬೆಳೆಸುವ ಸೇವೆಗೆ ಪುನರ್ವಸತಿ ಎಂದು ಹೆಸರು.

ಸುದ್ದಗುಂಟೆಪಾಳ್ಯದ ನಿವಾಸಿಗಳಿಗೆ ಈ ಸೇವೆ ದೂರದ್ದಲ್ಲ. ಹತ್ತಿರದ ಹೊಸೂರು ರಸ್ತೆಯಲ್ಲಿಯೇ ನಿಮ್ಹಾನ್ಸ್ ಇದೆ. ಪಾರ್ಶ್ವವಾಯು ಅಥವಾ ಬೆನ್ನುಹುರಿಯ ಪೆಟ್ಟಿನಿಂದ ಚಲನೆ ಕಳೆದುಕೊಂಡವರಿಗೆ ಇಲ್ಲಿ ನರರೋಗ ಪುನರ್ವಸತಿ ವಿಭಾಗವಿದೆ. ಮಾನಸಿಕ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿರುವವರು ಬೇಕರಿ, ಹೊಲಿಗೆ ಮುಂತಾದ ಕೆಲಸಗಳಲ್ಲಿ ತರಬೇತಿ ಪಡೆಯುವ ವಿಭಾಗವೂ ಇದೆ. ಜೆ.ಪಿ. ನಗರದ ಮೊಬಿಲಿಟಿ ಇಂಡಿಯಾ ಸಂಸ್ಥೆಯು 1994ರಿಂದ ಕೃತಕ ಅವಯವ ಹಾಗೂ ಸಾಧನ ಸಲಕರಣೆಗಳ ಕ್ಷೇತ್ರದಲ್ಲಿ ಶ್ರಮಿಸುತ್ತಿದೆ. ಲಿಂಗರಾಜಪುರದ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸಬಿಲಿಟಿ ಸಂಸ್ಥೆಯನ್ನು 1959ರಲ್ಲಿ ಕಟ್ಟಿದ ಎನ್.ಎಸ್. ಹೇಮಾ ಅವರು ಸ್ವತಃ ಪೋಲಿಯೊ ಪೀಡಿತರಾಗಿದ್ದರು.

ಪುನರ್ವಸತಿಯು ಒಂದು ಸಾಧನವನ್ನು ಕೊಟ್ಟ ಮಾತ್ರಕ್ಕೆ ಮುಗಿಯುವುದಿಲ್ಲ. ಗಾಲಿಕುರ್ಚಿಯನ್ನು ಬಳಸುವವರ ದೇಹದ ಅಳತೆಗೆ ಹೊಂದಿಸಬೇಕು. ಬೆನ್ನುಹುರಿಗೆ ಪೆಟ್ಟಾದವರಿಗೆ ಕೆಳಭಾಗದಲ್ಲಿ ನೋವು ತಿಳಿಯದಿರಬಹುದು. ಸರಿಯಾದ ಮೆತ್ತೆಯಿಲ್ಲದೆ ಗಂಟೆಗಟ್ಟಲೆ ಕುಳಿತರೆ ಒತ್ತಡದ ಹುಣ್ಣುಗಳಾಗುತ್ತವೆ. ಆದ್ದರಿಂದ ಆಗಾಗ ಕೈಗಳ ಮೇಲೆ ಭಾರ ಹಾಕಿ ದೇಹವನ್ನು ಎತ್ತುವುದನ್ನು, ಹಾಸಿಗೆಯಿಂದ ಕುರ್ಚಿಗೆ ತಾವೇ ಸರಿಯುವುದನ್ನು ಕಲಿಸಲಾಗುತ್ತದೆ. ಕೃತಕ ಕಾಲು ಪಡೆದವರು ಅದನ್ನು ತೊಟ್ಟು ಸಮತೋಲನದಿಂದ ನಡೆಯುವುದನ್ನು ಅಭ್ಯಾಸ ಮಾಡಬೇಕಾಗುತ್ತದೆ. ಸ್ನಾನ, ಅಡುಗೆ, ಬಸ್ ಪ್ರಯಾಣ, ಹಣದ ವ್ಯವಹಾರಗಳೂ ಈ ಕಲಿಕೆಯ ಭಾಗಗಳೇ.

ಕಲಿತದ್ದು ಉಳಿಯಬೇಕಾದರೆ ಮನೆಯೂ ಬದಲಾಗಬೇಕು. ಇಳಿಜಾರು ದಾರಿಗೆ ಒಂದಕ್ಕೆ ಹನ್ನೆರಡರ ಪ್ರಮಾಣವಿರಬೇಕೆಂಬುದು ಒಪ್ಪಿತ ನಿಯಮ. 15 ಸೆಂಟಿಮೀಟರ್ ಎತ್ತರದ ಮೆಟ್ಟಿಲಿಗೆ 180 ಸೆಂಟಿಮೀಟರ್ ಉದ್ದದ ಇಳಿಜಾರು ಬೇಕು. ಶೌಚಾಲಯದಲ್ಲಿ ಗಟ್ಟಿಯಾದ ಹಿಡಿಕೆ ಹಾಗೂ ಗಾಲಿಕುರ್ಚಿ ಒಳಹೋಗುವಷ್ಟು ಅಗಲದ ಬಾಗಿಲು ಇದ್ದರೆ ಎಷ್ಟೋ ಜನ ಇನ್ನೊಬ್ಬರನ್ನು ಕಾಯಬೇಕಾಗುವುದಿಲ್ಲ.

ಇದಕ್ಕೆ ಕಾನೂನಿನ ಬೆಂಬಲವೂ ಇದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ಮಾನಸಿಕ ಕಾಯಿಲೆಯೂ ಅವುಗಳಲ್ಲಿ ಸೇರಿದೆ. ಶೇ. 40 ಅಥವಾ ಅದಕ್ಕಿಂತ ಹೆಚ್ಚಿನ ವೈಕಲ್ಯವುಳ್ಳವರಿಗೆ ಸರ್ಕಾರಿ ಉದ್ಯೋಗಗಳಲ್ಲಿ ಶೇ. 4ರಷ್ಟು ಮೀಸಲಾತಿಯಿದೆ. ಸೌಲಭ್ಯಗಳನ್ನು ಪಡೆಯಲು ವಿಶಿಷ್ಟ ಗುರುತಿನ ಚೀಟಿ, ಅಂದರೆ ಯು.ಡಿ.ಐ.ಡಿ. ಕಾರ್ಡ್ ಮಾಡಿಸಿಕೊಳ್ಳಬೇಕು. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಈ ಕಾರ್ಯಕ್ಕೆ ನೆರವಾಗುತ್ತಾರೆ. ಊರಿನಲ್ಲಿರುವ ಬಂಧುಗಳಿಗೆ ಈ ವಿಷಯವನ್ನು ತಿಳಿಸಬೇಕು.

ದಾಸೋಹದ ಪಂಕ್ತಿಯಲ್ಲಿ ಎಲ್ಲರಿಗೂ ಸ್ಥಾನವಿದೆ ಎನ್ನುತ್ತೇವೆ. ಆ ಪಂಕ್ತಿಯವರೆಗೆ ಬರಲು ಮೆಟ್ಟಿಲುಗಳೇ ಅಡ್ಡಿಯಾದರೆ ಆ ಮಾತು ಪೂರ್ಣವಾಗದು. ನಮ್ಮ ಸಮುದಾಯ ಭವನಗಳಲ್ಲಿ, ಪ್ರಸಾದ ನಿಲಯಗಳಲ್ಲಿ ಇಳಿಜಾರು ದಾರಿಯಿದೆಯೇ? ನಮ್ಮ ಅಂಗಡಿ, ಕಚೇರಿಗಳಲ್ಲಿ ತರಬೇತಿ ಪಡೆದ ಒಬ್ಬ ವಿಕಲಚೇತನರಿಗೆ ಕೆಲಸವಿದೆಯೇ? ಭಕ್ತರೆಲ್ಲರೂ ಇವನ್ನು ಪರಿಶೀಲಿಸಿ, ಆಗಬೇಕಾದುದನ್ನು ಮಾಡಲು ಮುಂದಾಗಬೇಕೆಂಬುದು ನಮ್ಮ ಆಶಯ.